ಬೈಕಿನ ಸಪ್ಪಳ ತಗ್ಗಿದ ಮೇಲೆ

ಇವತ್ತು ಬೆಳಿಗ್ಗೆ ನವನಗರದ ನಮ್ಮ ಮನೆಯ ಕಿಟಕಿ ತೆರೆದರೆ ಸೀಮೆಎಣ್ಣೆಯ ವಾಸನೆ ಬಂತು. ಪಕ್ಕದ ಮನೆಯವರು ಬೈಕಿನ ಚೈನು ಬಿಚ್ಚಿ, ಹಳೆಯ ಪರಾತದ ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯುತ್ತಿದ್ದರು. ನಿಮಗೆ ಅದು ಬರೀ ಎಣ್ಣೆಯ ವಾಸನೆ; ನನಗೆ ಎದೆ ಹಾರತೊಡಗಿತು. ನನ್ನ ವಯಸ್ಸಿನವರ ಎದೆ ಹಾರಿದರೆ ಡಾಕ್ಟರ ಹತ್ತಿರ ಓಡಬೇಕಂತೆ. ನಾನು ಓಡಿದ್ದು ತೊಂಬತ್ತರ ದಶಕದ ಕೊನೆಗೆ.

ಆಗ ನನಗೆ ಹೊಸದಾಗಿ ಮದುವೆಯಾಗಿತ್ತು. ಹುಬ್ಬಳ್ಳಿಯ ದುರ್ಗದಬೈಲಿನ ನಮ್ಮ ಮನೆಯಲ್ಲಿ ಕೆಳಗೆ ಅರಳೆ ಅಂಗಡಿ, ಮೇಲೆ ಜನವೋ ಜನ. ಹೆಂಡತಿಯೊಂದಿಗೆ ಒಂದು ಮಾತಾಡಿದರೆ ಅಡುಗೆಮನೆಯಿಂದ ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಉತ್ತರ ಕೊಡುತ್ತಿದ್ದಳು. ಗಿರಿಜಾ ಧಾರವಾಡದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು, ನನ್ನ ಕಚೇರಿಯೂ ಅಲ್ಲಿಯೇ. ಹಾಗಾಗಿ ದಿನವೂ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬೈಕಿನ ಮೇಲೆ ಹೋಗಿಬರುವ ಹೊತ್ತೇ ನಮ್ಮಿಬ್ಬರದು.

ಆದರೆ ಆ ಬೈಕು! ಅದು ಚಿಕ್ಕಪ್ಪ, ನಮ್ಮ ಕಾಕಾ, ಕೊಟ್ಟದ್ದು. ಹಳ್ಳಿಯ ದಾರಿಯಲ್ಲಿ ಹತ್ತಿಯ ಮೂಟೆ ಹೇರಿಕೊಂಡು ಬರಲು ಅನುಕೂಲವಾಗಲೆಂದು ಅವರು ಅದರ ಮುಂದಿನ ಸ್ಪ್ರಾಕೆಟ್, ಅಂದರೆ ಎಂಜಿನ್ನಿನ ಬಳಿ ಚೈನನ್ನು ಎಳೆಯುವ ಹಲ್ಲಿನ ಗಾಲಿಯನ್ನು, ಸಣ್ಣದು ಮಾಡಿಸಿದ್ದರು. ಏರಿನಲ್ಲಿ ಅದು ಆನೆ. ಹೆದ್ದಾರಿಯಲ್ಲಿ ಮಾತ್ರ ಎಂಜಿನ್ನು ಜೀವ ಹೋಗುವಂತೆ ಒದರುತ್ತಿತ್ತು, ಚಕ್ರಕ್ಕೆ ಆ ಅವಸರವೇ ಇಲ್ಲ. ವೇಗ ಹೆಚ್ಚಿಸಿದರೆ ಅಂಗೈ ಜುಮ್ಮೆನ್ನುತ್ತಿತ್ತು. ಕನ್ನಡಿಯಲ್ಲಿ ಹಿಂದಿನ ಒಂದು ಲಾರಿ ನಾಲ್ಕಾಗಿ ನಡುಗುತ್ತಿತ್ತು. ಗಿರಿಜಾ ಹಿಂದಿನಿಂದ ಏನೋ ಹೇಳುವಳು. ನಾನು "ಏನಂದಿ?" ಎಂದು ಕೂಗುವೆ. "ಏನಿಲ್ಲ ಬಿಡ್ರಿ!" ಎಂದು ಅವಳು ಕೂಗುವಳು. ಕೊನೆಗೆ ಅವಳು ಏನೇ ಹೇಳಲಿ, ತಲೆ ಅಲ್ಲಾಡಿಸುವುದನ್ನು ನಾನು ರೂಢಿ ಮಾಡಿಕೊಂಡೆ.

ದಾರಿಯಲ್ಲಿ ಸಿಗುವ ಲಕಮನಹಳ್ಳಿಯಲ್ಲಿ ನನ್ನ ಶಾಲೆಯ ಗೆಳೆಯ ಮಲ್ಲಪ್ಪನ ಲೇತ್ ಯಂತ್ರದ ಕಾರ್ಖಾನೆ ಇತ್ತು. ಬೈಕಿನ ಸಪ್ಪಳ ಕೇಳಿಯೇ ಅವನು ನಕ್ಕ. "ಲೇ, ಮುಂದಿನ ಗಾಲಿಗೆ ಹಲ್ಲ ಹೆಚ್ಚ ಮಾಡಿದ್ರ ಎಂಜಿನ್ನು ಆರಾಮ ತಿರಗತೈತಿ, ಗಾಡಿ ಅಷ್ಟ ಓಡತೈತಿ. ಆದ್ರ ಏರಿನ್ಯಾಗ ದಮ್ಮ ಕಡಿಮಿ ಆಕ್ಕೈತಿ."

"ಎಷ್ಟ ದೊಡ್ಡದ ಹಿಡಸ್ತೈತಿ, ಅಷ್ಟ ದೊಡ್ಡದ ಮಾಡು," ಎಂದೆ ನಾನು. ಆಸೆಗೆ ಮಿತಿ ಬೇಕಲ್ಲ! ಮರುದಿನವೇ ನವಲೂರಿನ ಏರಿನಲ್ಲಿ ಬೈಕು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಸೈಕಲ್ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಬಂದ ಮುದುಕನೊಬ್ಬ ನಮ್ಮನ್ನು ದಾಟುತ್ತ, "ನೂಕಬೇಕೇನ್ರಿ?" ಎಂದು ಕೇಳಿದ. ಗಿರಿಜಾ ಸೆರಗು ಸಿಕ್ಕಿಸಿಕೊಂಡು ತಾನೇ ನೂಕತೊಡಗಿದಳು. "ಹಳೇದು ಭಾಳ ಸಣ್ಣದಾತು, ಇದು ಭಾಳ ದೊಡ್ಡದಾತು. ನಡುವಿಂದೊಂದು ಮಾಡಸ್ರಿ," ಎಂದಳು.

ಮಲ್ಲಪ್ಪ ಗೊಣಗುತ್ತಲೇ ನಡುವಿನದೊಂದು ಕಡೆದುಕೊಟ್ಟ. ರವಿವಾರ ಮುಂಜಾನೆ ಅದನ್ನು ಕೂಡಿಸಿ, ಚೈನು ಬಿಗಿದು, ಗಿರಿಜಾಳನ್ನು ಕೂರಿಸಿಕೊಂಡು ಹೊರಟೆ. ನವಲೂರಿನ ಏರನ್ನು ಬೈಕು ಒಂದು ಗೇರ್ ಇಳಿಸಿದ್ದಕ್ಕೇ ಹತ್ತಿತು. ಅಲ್ಲಿಂದ ಮುಂದೆ ಬಯಲು ರಸ್ತೆಯಲ್ಲಿ ಕೊನೆಯ ಗೇರಿಗೆ ಹಾಕಿದೆ ನೋಡಿ, ಒದರಾಟ ಇಳಿದು ಗುಡುಗುಡು ಮಾತ್ರ ಉಳಿಯಿತು. ಅಂಗೈ ತಣ್ಣಗಾಯಿತು. ಕನ್ನಡಿಯಲ್ಲಿ ಲಾರಿ ಒಂದೇ ಆಗಿ ನಿಂತಿತು! ಗಾಳಿಯ ಸಪ್ಪಳ, ಹೊಲದಲ್ಲಿ ಯಾರೋ ಯಾರನ್ನೋ ಕರೆಯುವ ಕೂಗು ಸಹಿತ ಕೇಳಿಸತೊಡಗಿದವು. ನನಗೆ ಕುಣಿಯಬೇಕೆನ್ನಿಸಿತು.

"ನನ್ನ ಮಾತ ಕೇಳಸ್ತೈತೇನ್ರಿ?" ಎಂದಳು ಗಿರಿಜಾ, ಕೂಗದೆ.

"ಛಂದಂಗ ಕೇಳಸ್ತೈತಿ!"

"ಹಂಗಾರ ಹೇಳ್ತೇನಿ. ಬೆಳಗಾವಿ ಕಾಲೇಜಿನ ಕೆಲಸ ಸಿಕ್ಕೈತಿ. ಮುಂದಿನ ತಿಂಗಳ ಹಾಜರಾಗಬೇಕು."

ಬೈಕು ರಸ್ತೆಯ ಅಂಚಿಗೆ ಹೋಗಿ ಬಂತು. "ಅರ್ಜಿ ಯಾವಾಗ ಹಾಕಿದಿ?"

"ನಿಮ್ಮನ್ನ ಕೇಳೇ ಹಾಕೇನಿ! ರಾಯಾಪುರದ ಹತ್ರ ಕೇಳಿದ್ನಲ್ಲ, ಅಷ್ಟ ಜೋರ ತಲಿ ಅಲ್ಲಾಡಿಸಿದ್ರಿ."

"ಬದನಿಕಾಯಿ ತಗೊಳ್ಳೂಣು ಅಂದಿ ಅಂತ ತಿಳಕೊಂಡಿದ್ದೆ!"

ಅವಳು ನಕ್ಕ ರಭಸಕ್ಕೆ ಅವಳ ಹಣೆ ನನ್ನ ಬೆನ್ನಿಗೆ ಬಡಿಯಿತು. ಆಮೇಲೆ ನಗು ನಿಂತಿತು. "ನೀವು ಬ್ಯಾಡಂದ್ರ ಬಿಡ್ತೇನಿ," ಎಂದಳು. ಆ ಕೊನೆಯ ಮಾತಿಗೆ ಅವಳ ದನಿ ಹೇಗೆ ಇಳಿಯಿತೆಂಬುದು ನನಗೆ ಕೇಳಿಸಿತು. ಅದು ಬಿಡುವವಳ ದನಿಯಲ್ಲ. ಹುಣಸೆಮರವೊಂದರ ಕೆಳಗೆ ಬೈಕು ನಿಲ್ಲಿಸಿ ಹಿಂದಿರುಗಿ ನೋಡಿದೆ. ಅವಳು ಹೊಲ ನೋಡುತ್ತಿದ್ದಳು.

"ಬಿಡಬ್ಯಾಡ. ಮನ್ಯಾಗ ನಾ ಹೇಳ್ತೇನಿ," ಎಂದೆ.

ಮನೆಯಲ್ಲಿ ಹೇಳುವುದು ನವಲೂರಿನ ಏರಿಗಿಂತ ಕಷ್ಟವಾಯಿತು. "ಗಂಡ ಇಲ್ಲಿ, ಹೇಣ್ತಿ ಅಲ್ಲಿ, ಇದೆಂಥಾ ಸಂಸಾರೋ?" ಎಂದು ಅವ್ವ ಊಟ ಬಿಟ್ಟಳು. ಅಪ್ಪ ಮಾತು ಬಿಟ್ಟರು. ಇಡೀ ವಾರ ಹಾಗೆಯೇ ನಡೆಯಿತು. ಕೊನೆಗೆ ಕಾಕಾ ಒಂದು ಸಂಜೆ ಬೈಕು ತೆಗೆದುಕೊಂಡು ಹೋಗಿ, ತಲೆಗೂದಲು ಕೆದರಿಕೊಂಡು ಬಂದರು. "ವೈನಿ, ಗಾಡಿ ಬೆಣ್ಣಿ ಹಂಗ ಓಡತೈತಿ. ಬೆಳಗಾವಿ ಏನ ದೂರ? ವಾರಕ್ಕೊಮ್ಮೆ ಬಿಟ್ಟ ಬರ್ತಾನ, ಕರಕೊಂಡ ಬರ್ತಾನ," ಎಂದು ಅವ್ವನಿಗೆ ಹೇಳಿದರು. ಅವ್ವ ಅಂದು ರೊಟ್ಟಿ ಮುರಿದಳು.

ಹೀಗೆ ಸೋಮವಾರಗಳು ಶುರುವಾದವು. ವಾರವೆಲ್ಲ ಗಿರಿಜಾ ಬೆಳಗಾವಿಯ ತನ್ನ ಸೋದರತ್ತೆಯ ಮನೆಯಲ್ಲಿ ಇರುತ್ತಿದ್ದಳು. ಸೋಮವಾರ ಹೋಗುವಾಗ, ಶನಿವಾರ ಬರುವಾಗ ದಾರಿಯುದ್ದಕ್ಕೂ ಮಾತು. ಅವಳಿಗೆ ಸಿಟ್ಟು ಬಂದರೆ ದನಿ ತೆಳ್ಳಗಾಗುತ್ತದೆಂದು ನನಗೆ ತಿಳಿದದ್ದು ಆ ರಸ್ತೆಯಲ್ಲಿ. ಒಮ್ಮೆ ಕಿತ್ತೂರು ದಾಟಿದ ಮೇಲೆ, "ನಾನೂ ಹೊಡೀಲೇನ್ರಿ?" ಎಂದಳು. ಸೀರೆಯುಟ್ಟವಳು ಅಷ್ಟು ದೊಡ್ಡ ಗಾಡಿ ಹೇಗೆ ಹೊಡೆದಾಳೆಂದು ಬಾಯಿ ತೆರೆದವನು ಸುಮ್ಮನೆ ಮುಚ್ಚಿಕೊಂಡೆ. ಮುಂದಿನ ವಾರ ಅವಳು ಚೂಡಿದಾರ ತೊಟ್ಟೇ ಬಂದಳು. ಎದುರಿನ ಬಸ್ಸಿನ ಕಿಟಕಿಗಳಿಂದೆಲ್ಲ ತಲೆಗಳು ಹೊರಬಂದವು. ಹಿಂದೆ ಕುಳಿತ ನಾನು ಜೀವ ಬಿಗಿಹಿಡಿದುಕೊಂಡು, ಖುಷಿಯಿಂದ ಅವರಿಗೆಲ್ಲ ಕೈ ಬೀಸಿದೆ.

ಇಷ್ಟು ಬರೆಯುವಷ್ಟರಲ್ಲಿ ಗಿರಿಜಾ ಹೊರಗೆ ಸ್ಕೂಟರ್ ತೆಗೆದು ನಿಂತಿದ್ದಾಳೆ. "ಧಾರವಾಡಕ್ಕ ಹೊಂಟೇನಿ, ಬರ್ತೀರೇನ್ರಿ?" ಎಂದು ಕರೆಯುತ್ತಿದ್ದಾಳೆ. ಬೆಳಗಿನಿಂದ ನನಗೆ ಸೊಂಟ ನೋವೆಂದು ಹೇಳುತ್ತ ಬಂದಿದ್ದೆ. ಈಗ ನೋಡಿದರೆ, ಚಪ್ಪಲಿ ಮೆಟ್ಟಿ ನಿಂತಿದ್ದೇನೆ.