ಬಚ್ಚಲ ವಾಟ, ಗಾಲ್ಫ್ ಚೆಂಡು

ನಮ್ಮ ಬಚ್ಚಲಮನೆಯ ನೆಲ ಬಹಳ ಮೊಂಡು, ಗೆಳೆಯರೇ. ಮಿಂದ ನೀರು ತೂಬಿನ ಕಡೆ ಹೋಗದೆ ಬಾಗಿಲ ಮೂಲೆಯಲ್ಲಿ ನಿಲ್ಲುತ್ತದೆ. ಅದನ್ನು ದಿನವೂ ಕಡ್ಡಿಪೊರಕೆಯಿಂದ ತಳ್ಳುವುದು ನನ್ನ ಹೆಂಡತಿ ಸರೋಜಳ ಪಾಲಿಗೆ ಬಂದ ಕರ್ಮ. ಅರಸೀಕೆರೆಯಲ್ಲಿ ಈ ಮನೆ ಕಟ್ಟಿಸುವಾಗಲೇ ಅವಳು ಗಾರೆಯವನಿಗೆ ವಾಟ, ಅಂದರೆ ನೀರು ಹರಿಯುವ ಇಳಿಜಾರು, ತಪ್ಪಿದೆ, ನೀರು ಬಾಗಿಲ ಮೂಲೆಗೆ ಹೋಗುತ್ತದೆ ಎಂದು ಹೇಳಿದ್ದಳು. "ಸ್ಕೂಲಲ್ಲಿ ಇಳಿಜಾರಿನ ಪಾಠ ಮಾಡೋನು ನಾನೋ ನೀನೋ?" ಎಂದು ಅವಳ ಬಾಯಿ ಮುಚ್ಚಿಸಿದವನು ನಾನೇ.

ನಿವೃತ್ತನಾದ ಮೇಲೆ, ಮನೆಗೆ ಇಂಟರ್‌ನೆಟ್ ಬಂದ ಹೊಸತರಲ್ಲಿ, ನನಗೆ ಗಾಲ್ಫ್ ಹುಚ್ಚು ಹತ್ತಿತು. ನಿಜವಾದ ಗಾಲ್ಫ್ ಕೋಲನ್ನು ಕಣ್ಣಾರೆ ಕಂಡವನಲ್ಲ. ಇದು ಯಾವ್ಯಾವ ದೇಶದವರೋ ಮೂವರ ಜೊತೆ ಕಂಪ್ಯೂಟರಿನಲ್ಲಿ ಮೌಸ್ ಒತ್ತಿ ಆಡುವ ಆಟ. ಗಾಳಿ ನೋಡಿ ದೂರಕ್ಕೆ ಹೊಡೆಯುವುದನ್ನು ತಿಂಗಳೊಳಗೆ ಕಲಿತೆ. ಆದರೆ ಚೆಂಡು ಬೀಳಬೇಕಾದ ಕುಳಿ ಇನ್ನು ನಾಲ್ಕು ಮಾರು ಇದೆ ಎನ್ನುವಾಗ ಮಾತ್ರ, ಎಷ್ಟು ನೇರವಾಗಿ ತಳ್ಳಿದರೂ ಅದು ಪಕ್ಕಕ್ಕೆ ಜಾರಿಬಿಡುತ್ತಿತ್ತು. ಕಲಿಯುವವರ ದರ್ಜೆ ದಾಟಲು ಒಂದೇ ಒಂದು ಗೆಲುವು ಬೇಕಿತ್ತು. ಮೂರು ತಿಂಗಳಾದರೂ ಕೊನೆಯ ಸ್ಥಾನ ನನಗೇ ಕಾಯಂ. ತಲೆಮಾರುಗಳಿಗೆ ಪಾಠ ಹೇಳಿದ ಮೇಷ್ಟ್ರಿಗೆ ಅದೆಂಥ ಅವಮಾನವೆಂದು ನೀವೇ ಊಹಿಸಿ.

ಒಂದು ಮಧ್ಯಾಹ್ನ, ಯಾವ ಪುಣ್ಯವೋ, ಕೊನೆಯ ಕುಳಿಯ ತನಕ ಎಲ್ಲರಿಗೂ ಸಮವಾಗಿ ಬಂದಿದ್ದೆ. ಈ ಒಂದು ಹೊಡೆತ ಬಿದ್ದರೆ ಗೆದ್ದೆ. ಕಾಫಿ ತಂದ ಸರೋಜ ಹಿಂದೆಯೇ ನಿಂತಳು. ಪರದೆಯ ಹುಲ್ಲಿನ ಮೇಲೆ ಸಣ್ಣ ಚುಕ್ಕಿಗಳು ಸಾಲಾಗಿ ಬಲಕ್ಕೆ ಸರಿಯುತ್ತಿದ್ದವು. ಅವು ಬರಿಯ ಅಲಂಕಾರವೆಂದೇ ನಾನು ತಿಳಿದಿದ್ದೆ.

"ನೀರು ಬಲಕ್ಕೆ ಹರೀತಾ ಐತಲ್ಲ ಕಣ್ರೀ, ನೀವ್ಯಾಕೆ ನೆಟ್ಟಗೆ ಹೊಡೀತೀರಿ?" ಎಂದಳು.

"ಎಲ್ಲಿಯ ನೀರೇ?"

"ನೆಲ ನೋಡ್ರೀ, ಚುಕ್ಕಿ ಹೋಗೋ ಕಡೆಗೇ ಇಳಿದೈತೆ. ಎಡಕ್ಕೆ ಒಂದು ಗೇಣು ಬಿಟ್ಟು ಮೆಲ್ಲಗೆ ತಳ್ಳಿ. ತಾನೇ ಬತ್ತೈತೆ."

ತಳ್ಳಿದೆ. ಎಡಕ್ಕೆ ಹೊರಟ ಚೆಂಡು ನಡುವೆ ಏನೋ ನೆನಪಾದಂತೆ ಬಲಕ್ಕೆ ಬಾಗಿ, ಮೆಲ್ಲಗೆ ಕುಳಿಯೊಳಗೆ ಇಳಿಯಿತು. ಸರೋಜ ಕಂಪ್ಯೂಟರನ್ನು ಒಮ್ಮೆಯೂ ಮುಟ್ಟದವಳು. ಆದರೆ ಕಣಕಟ್ಟೆಯ ತವರಿನ ತೋಟದಲ್ಲಿ ಗುದ್ದಲಿ ಹಿಡಿದು, ಒಂದೊಂದು ತೆಂಗಿನ ಪಾತಿಗೂ ನೀರು ಕಟ್ಟಿ ಬೆಳೆದವಳು. ನಾನು ಕಪ್ಪುಹಲಗೆಯ ಮೇಲೆ ಗೆರೆಯೆಳೆದು ತೋರಿಸಿದ ಇಳಿಜಾರನ್ನು ಅವಳ ಅಂಗಾಲು ಬಲ್ಲದು. ವರ್ಷವರ್ಷವೂ ಮಕ್ಕಳನ್ನು ಬೇಲೂರು ಹಳೇಬೀಡಿಗೆ ಕರೆದೊಯ್ದು ಗೋಡೆಯ ಶಿಲ್ಪಗಳನ್ನೂ ಶಿಲ್ಪಿಗಳು ಕೆತ್ತಿದ ಹೆಸರುಗಳನ್ನೂ ಬೆರಳು ಮಾಡಿ ತೋರಿಸಿದವನು ನಾನು. ಆ ಗುಡಿಗಳ ಅಷ್ಟಗಲದ ಅಂಗಳದ ಮಳೆನೀರಿಗೆ ದಾರಿ ಮಾಡಿಕೊಟ್ಟವರು ಯಾರೆಂದು ಒಮ್ಮೆಯಾದರೂ ಬಗ್ಗಿ ನೋಡಿದ್ದೆನೇ? ಅಂಥ ಒಂದು ಕಣ್ಣು ನನ್ನ ಮನೆಯಲ್ಲೇ ಇಷ್ಟು ವರ್ಷ ಕಾಫಿ ಕಾಸುತ್ತಿತ್ತಲ್ಲ ಎಂದು ಬೆರಗಾಯಿತು, ನಾಚಿಕೆಯೂ ಆಯಿತು.

ದರ್ಜೆ ಏರಿದ್ದಕ್ಕೆ ಹಿಗ್ಗಲಾಗಲಿಲ್ಲ. ಬಚ್ಚಲಿಗೆ ಹೋಗಿ ಒಂದು ಚೊಂಬು ನೀರು ಸುರಿದು, ಕುಕ್ಕರುಗಾಲಲ್ಲಿ ಕೂತು ನೋಡಿದೆ. ನೀರು ಅವಳು ಅಂದು ಹೇಳಿದ್ದ ದಾರಿಯನ್ನೇ ಹಿಡಿದು, ಅವಳು ಹೇಳಿದ್ದ ಮೂಲೆಗೇ ಹೋಗಿ ನಿಂತಿತು.

ಮಾರನೆಯ ದಿನ ನಾನು ಹೇಳಿಕಳಿಸಿದ್ದಕ್ಕೆ ಬಂದ ಗಾರೆಯವನು ನನ್ನ ಮುಖ ನೋಡಿ, "ವಾಟ ಯಾವ ಕಡೆಗೆ ಕೊಡ್ಲಿ ಸಾರ್?" ಎಂದ.

"ಅಮ್ಮಾವ್ರನ್ನ ಕೇಳಪ್ಪ" ಎಂದು, ಸರೋಜಳ ಕೈಯಿಂದ ಪೊರಕೆ ತೆಗೆದುಕೊಂಡು, ಮೂಲೆಯ ನೀರನ್ನು ನಾನೇ ತಳ್ಳತೊಡಗಿದೆ.