ಲಾನಿಗೆ ಮಣ್ಣು ಹಾಕಿಸಿದ ಆಷಾಢ

ಕೆ.ಆರ್. ನಗರದಿಂದ ಮಿರ್ಲೆ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮ ಮನೆ, ಮನೆಗೆ ಅಂಟಿಕೊಂಡೇ ಗದ್ದೆ. ಅದರಲ್ಲಿ ರಸ್ತೆ ಕಡೆಯ ಭಾಗವನ್ನು ಲಾನ್ ಮಾಡಿದವರು ನಾನು ಮತ್ತು ನನ್ನ ಗಂಡ. ಅವರದು ಪೇಟೆಯಲ್ಲಿ ಶಾಮಿಯಾನದ ಅಂಗಡಿ. ಕುರ್ಚಿ, ಜಮಖಾನ, ಅಡುಗೆಯ ಪಾತ್ರೆ ಎಲ್ಲ ನಮ್ಮ ಹತ್ತಿರವೇ ಇರುವಾಗ ಜಾಗವನ್ನೂ ನಾವೇ ಯಾಕೆ ಕೊಡಬಾರದು ಎಂದು ಮೊದಲು ಕೇಳಿದವಳು ನಾನೇ. ಮದುವೆಗೂ ಬೀಗರೂಟಕ್ಕೂ ಈಗಿನವರು ಛತ್ರಕ್ಕಿಂತ ಹಸಿರು ಬಯಲನ್ನು ಕೇಳುತ್ತಾರೆ, ಫೋಟೋ ಚೆನ್ನಾಗಿ ಬರುತ್ತದಂತೆ.

ಮಾವ ಬೇಡ ಅನ್ನಲಿಲ್ಲ. ಅವರು ಹೆಚ್ಚು ಮಾತಿನ ಮನುಷ್ಯರಲ್ಲ. ಮಾಡ್ಕತೀವಿ ಅಂದ್ರೆ ಮಾಡ್ಕಳಿ ಎಂದಷ್ಟೇ ಹೇಳಿ, ಉಳಿದ ಗದ್ದೆಯಲ್ಲಿ ತಮ್ಮ ಭತ್ತದ ಕೆಲಸಕ್ಕೆ ಹೋದರು. ಆದರೆ ಮೈಸೂರಿನಿಂದ ಹುಲ್ಲು ಬಂದು, ಜಮಖಾನ ಹಾಸಿದಂತೆ ಹಾಸಿಯಾದ ಮೇಲೆ, ಅವರು ಅದರ ಮೇಲೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಮನೆಯಿಂದ ಗದ್ದೆಗೆ ಲಾನ್ ದಾಟಿ ಹೋದರೆ ಹತ್ತಿರ. ಅವರು ನಾಲೆಯ ಏರಿ ಹತ್ತಿ, ಸುತ್ತು ಬಳಸಿಕೊಂಡು ಹೋಗುತ್ತಿದ್ದರು. ಲಾನಿನ ಆಚೆ ತುದಿಯಲ್ಲಿ, ತೆಂಗಿನ ಮರಗಳ ನೆರಳಲ್ಲಿ ನಮ್ಮ ಅತ್ತೆಯ ಸಮಾಧಿಯಿದೆ. ಲಾನ್ ಮಾಡುವುದಕ್ಕೂ ಮುಂಚೆ ತೀರಿಕೊಂಡ ಅವರನ್ನು ಅವರೇ ದುಡಿದ ಗದ್ದೆಯಲ್ಲಿ ಮಣ್ಣು ಮಾಡಿದ್ದೆವು. ಸೋಮವಾರ ಬೆಳಿಗ್ಗೆ ಮಾವ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು, ಕೈಯಲ್ಲಿ ಒಂದು ಹಿಡಿ ಹೂ ಹಿಡಿದು ಅಲ್ಲಿಗೆ ಹೋಗುವಾಗಲೂ ಅದೇ ಸುತ್ತು ದಾರಿ. ಅಡುಗೆಮನೆಯ ಕಿಟಕಿಯಿಂದ ಅದು ನನಗೆ ಕಾಣುತ್ತಿತ್ತು.

ಸಿಟ್ಟು ಎಂದುಕೊಂಡೆ. ಭತ್ತ ಬೆಳೆಯುವ ನೆಲಕ್ಕೆ ಹುಲ್ಲು ಹಾಸಿದ್ದಕ್ಕೆ, ಬಾಯಿಬಿಟ್ಟು ಹೇಳದ ಸಿಟ್ಟು. ನನ್ನ ಗಂಡನಿಗೂ ಹಾಗೇ ಅನ್ನಿಸಿತ್ತು. ನೆಂಟರ ಮದುವೆಯೇ ಅಲ್ಲಿ ನಡೆದಾಗಲೂ ಮಾವ ಊಟಕ್ಕೆಂದು ಸಿಮೆಂಟ್ ಹಾಕಿಸಿದ್ದ ಜಾಗದಲ್ಲಿ ಉಂಡು, ಗೇಟಿನ ಹತ್ತಿರ ನಿಂತು ಬಂದವರನ್ನು ಮಾತಾಡಿಸಿ, ಹಾಗೇ ಮನೆಗೆ ಬಂದಿದ್ದರು. ಈ ವಿಷಯ ಎತ್ತಿದರೆ ಜಗಳ ಆದೀತು ಎಂದು ನಾವು ಎತ್ತಲಿಲ್ಲ. ಒಂದೇ ಮನೆಯಲ್ಲಿ ಉಣ್ಣುವವರು ಒಂದು ಮಾತನ್ನು ಬಿಟ್ಟು ಉಳಿದದ್ದೆಲ್ಲ ಆಡುತ್ತ ಎಷ್ಟು ಕಾಲ ಬೇಕಾದರೂ ಇರಬಹುದು ಎಂಬುದು ನನಗೆ ಆಗ ಗೊತ್ತಾಯಿತು.

ಎರಡನೇ ವರ್ಷದ ಮದುವೆಗಳು ಮುಗಿಯುವ ಹೊತ್ತಿಗೆ ಲಾನ್ ಸೊರಗಿತ್ತು. ಕುರ್ಚಿಗಳ ಕಾಲು ಊರಿದಲ್ಲೆಲ್ಲ ತೂತು, ಸಾಮಾನಿನ ಗಾಡಿ ನಿಂತಲ್ಲಿ ಹಳ್ಳ, ಅಲ್ಲಲ್ಲಿ ಹಳದಿ ತೇಪೆ. ಮಳೆ ಬಂದರೆ ನೀರು ನಿಲ್ಲುತ್ತಿತ್ತು. ಹುಲ್ಲು ಕೊಟ್ಟಿದ್ದ ನರ್ಸರಿಯವನಿಗೆ ಫೋನ್ ಮಾಡಿದರೆ, ಮಣ್ಣನ್ನೂ ಕೊಳೆತ ಗೊಬ್ಬರವನ್ನೂ ಜರಡಿ ಹಿಡಿದು, ಬೆರೆಸಿ, ಮೇಲೆ ತೆಳ್ಳಗೆ ಹರಡಿದರೆ ಹುಲ್ಲು ಅದರೊಳಗಿಂದ ಎದ್ದು ಬರುತ್ತದೆ ಎಂದ. ಆಷಾಢದಲ್ಲಿ ಮದುವೆಗಳಿಲ್ಲ, ಲಾನ್ ಖಾಲಿ. ಮಾಡಿಸುವುದಾದರೆ ಆಗಲೇ ಮಾಡಿಸಬೇಕು.

ಗೊಬ್ಬರವನ್ನು ಮೂಟೆಯಲ್ಲಿ ತರಿಸೋಣ ಎಂದರು ನನ್ನ ಗಂಡ. ಹಿತ್ತಲಲ್ಲಿ ಅಷ್ಟು ದೊಡ್ಡ ತಿಪ್ಪೆ ಇಟ್ಟುಕೊಂಡು ಮೂಟೆ ತರಿಸಲು ನನಗೆ ಮನಸ್ಸಾಗಲಿಲ್ಲ. ಆದರೆ ತಿಪ್ಪೆ ಮಾವನದು, ಅವರ ಭತ್ತಕ್ಕೆ ಮೀಸಲು. ಕೊಟ್ಟಿಗೆಯಲ್ಲಿ ಹಸುವಿನ ಮೈ ತೊಳೆಯುತ್ತಿದ್ದವರ ಹತ್ತಿರ ಹೋಗಿ, ಬೈಸಿಕೊಳ್ಳಲು ಸಿದ್ಧಳಾಗಿಯೇ ಕೇಳಿದೆ. ಅವರು ಕೈ ನಿಲ್ಲಿಸದೆ, "ತಗಳಿ. ಮೇಲಿಂದು ಇನ್ನೂ ಕೊಳ್ತಿಲ್ಲ, ಒಳಗಡೇದು ತಗಳಿ. ಹುಲ್ಲಿಗೂ ಹಸಿವಾಯ್ತದೆ ಬುಡು" ಎಂದರು. ಸಿಟ್ಟಿನಲ್ಲಿರುವವರ ದನಿಯಾಗಿರಲಿಲ್ಲ ಅದು. ನನಗೆ ಸ್ವಲ್ಪ ಗೊಂದಲವಾಯಿತು.

ಅಂಗಳದಲ್ಲಿ ಮೂವರೂ ಕೂತು ಜರಡಿ ಹಿಡಿದೆವು. ತಿಪ್ಪೆಯೊಳಗಿಂದ ಬಳೆ ಚೂರು, ಪ್ಲಾಸ್ಟಿಕ್ ದಾರ, ಎಂದೋ ಕಳೆದುಹೋಗಿದ್ದ ಒಂದು ಚಮಚ ಸಿಕ್ಕಿದವು. ನನ್ನ ಗಂಡನ ಚಿಕ್ಕಪ್ಪನ ಮಗ ತನ್ನ ಟ್ರ್ಯಾಕ್ಟರಿನಲ್ಲಿ ಕೆರೆಯ ಗೋಡುಮಣ್ಣು ತಂದು ಸುರಿದ. ಎಲ್ಲ ಬೆರೆಸಿ, ಮತ್ತೆ ಟ್ರೈಲರಿಗೆ ತುಂಬಿ, ಲಾನಿನ ಆಚೆ ತುದಿಯಿಂದ ಶುರು ಮಾಡೋಣ ಎಂದು ಅವನು ಹಿಂದಕ್ಕೆ ಬಿಟ್ಟುಕೊಂಡು ಹೋದ. ಮಾವ ಮನೆಯ ಜಗಲಿಯ ಮೇಲೇ ನಿಂತು ನೋಡುತ್ತಿದ್ದರು.

ತೆಂಗಿನ ಮರಗಳ ಹತ್ತಿರ ನೆಲ ಮೆತ್ತಗಿತ್ತು. ಎಷ್ಟಾದರೂ ಹಳೆಯ ಗದ್ದೆ, ಮೇಲೆ ನಾಲೆಯ ಜಿನುಗು ನೀರು. ತುಂಬಿದ ಟ್ರೈಲರಿನ ಚಕ್ರ ಒಮ್ಮೆಲೇ ಹೂತುಕೊಂಡು, ಬಂಡಿ ಒಂದು ಕಡೆಗೆ ವಾಲಿತು. ವಾಲಿದ ಭರಕ್ಕೆ ಅತ್ತೆಯ ಸಮಾಧಿಯ ಸುತ್ತ ಇಟ್ಟಿದ್ದ ಕಲ್ಲುಗಳಲ್ಲಿ ಒಂದು ಉರುಳಿಬಿತ್ತು. ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಎಂಜಿನ್ ನಿಲ್ಲಿಸಿ ಕೆಳಗೆ ಧುಮುಕಿದ. ನನ್ನ ಗಂಡ ಮನೆಯ ಕಡೆ ತಿರುಗಿ, ಅಪ್ಪಾ, ಸ್ವಲ್ಪ ಬನ್ನಿ ಎಂದು ಕೂಗಿದರು.

ಮಾವ ಜಗಲಿಯಿಂದ ಇಳಿದರು. ಇಳಿದವರು ನೇರ ಬರದೆ ನಾಲೆಯ ಕಡೆಗೆ ತಿರುಗಿದರು. ಏರಿ ಹತ್ತಿ, ಗಿಡಗಂಟಿ ಸರಿಸಿಕೊಂಡು, ಸುತ್ತಿ ಬರುತ್ತಿದ್ದ ಅವರನ್ನು ನಾವು ಮೂವರೂ ನೋಡುತ್ತ ನಿಂತೆವು. ಬಂದು ಮುಟ್ಟಿದಾಗ ಅವರಿಗೆ ಏದುಸಿರು. ನನ್ನ ಗಂಡನಿಗೆ ಮೊದಲೇ ತಲೆ ಕೆಟ್ಟಿತ್ತು.

"ಅಪ್ಪ, ಇಂಥ ಹೊತ್ನಲ್ಲಾದ್ರೂ ಅಡ್ಡ ಹಾಯ್ಕಂಡು ಬರ್ಬಾರದಾ?" ಎಂದರು.

ಮಾವ ಆಶ್ಚರ್ಯದಿಂದ ಮಗನ ಮುಖ ನೋಡಿದರು. "ತುಳೀಬ್ಯಾಡಿ ಅಂದಿದ್ರಲ್ಲಪ್ಪ."

ಯಾರು ಅಂದಿದ್ದು ಎಂದು ನನ್ನ ಗಂಡ ಕೇಳುವಷ್ಟರಲ್ಲಿ ನನಗೆ ನೆನಪಾಯಿತು. ಹುಲ್ಲು ಹಾಸಿದ ದಿನ ಮಾವ ಕೆಸರುಗಾಲಲ್ಲಿ, ತಲೆಯ ಮೇಲೆ ಮೇವಿನ ಹೊರೆ ಹೊತ್ತು, ಎಂದಿನಂತೆ ದಾಟಿ ಬರುತ್ತಿದ್ದರು. ನರ್ಸರಿಯ ಕೆಲಸದವನು, ಅಜ್ಜ, ತುಳೀಬೇಡಿ, ಹಾಳಾಗುತ್ತೆ ಎಂದು ಕೂಗಿದ್ದ. ಮಾವ ಅಲ್ಲೇ ಹಿಂದಕ್ಕೆ ತಿರುಗಿ ಏರಿಯ ಮೇಲೆ ಬಂದಿದ್ದರು. ನಾನು ಅವರಿಗೆ ಕಾಲಿಗೆ ನೀರು ಕೊಟ್ಟಿದ್ದೆ.

"ಅದು ಬೇರು ಹಿಡಿಯಾಗಂಟ ಅಂತ ಹೇಳಿದ್ದು ಅಪ್ಪ," ಎಂದರು ನನ್ನ ಗಂಡ. ದನಿ ಇಳಿದುಹೋಗಿತ್ತು.

"ಬೇರು ಹಿಡೀತು ಅಂತ ನಂಗ್ಯಾರು ಹೇಳಿದ್ರು?"

ಅದರಲ್ಲಿ ದೂರು ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು. ಮದುವೆಗೆ ಬಂದವರೆಲ್ಲ ಚಪ್ಪಲಿ ಹಾಕಿಕೊಂಡೇ ತುಳಿಯುತ್ತಿದ್ದರಲ್ಲ ಮಾವ, ನೋಡಲಿಲ್ಲವೇ ಎಂದೆ. "ಅವ್ರು ಬಂದು ಹೋಗೋ ಜನ ಕಣವ್ವ. ನಾವು ಕಾಯೋರಲ್ವ," ಎಂದರು.

ಅಷ್ಟು ಹೇಳಿ ಅವರು ಚಕ್ರದ ಕಡೆಗೆ ಬಗ್ಗಿದರು. ಮೊದಲು ಬಂಡಿ ಹಗುರ ಮಾಡಬೇಕು ಎಂದರು. ನಾಲ್ವರೂ ಸೇರಿ ಅಲ್ಲೇ ಮಣ್ಣನ್ನು ಕೆಳಗೆಳೆದೆವು. ಒಣಗಿದ ತೆಂಗಿನ ಗರಿಗಳನ್ನು ಚಕ್ರದಡಿ ತುರುಕಿದ ಮೇಲೆ ಟ್ರ್ಯಾಕ್ಟರ್ ಕೆಸರು ಎರಚಿ ಎದ್ದು ಬಂತು.

ಮಾವ ಆಮೇಲೆ ಸಮಾಧಿಯ ಹತ್ತಿರ ಕೂತರು. ಹತ್ತಿರದಿಂದ ನೋಡಿದಾಗಲೇ ನನಗೆ ಗೊತ್ತಾದದ್ದು, ದಿಬ್ಬ ಕುಸಿದು ನಡುವೆ ತಗ್ಗಾಗಿತ್ತು. ಮಳೆ ಬಂದಾಗಲೆಲ್ಲ ಕುಸಿಯುತ್ತಿದೆ, ಗಾಡಿಯಲ್ಲಿ ಮಣ್ಣು ತರಲು ಹುಲ್ಲು ಅಡ್ಡ, ಅದಕ್ಕೇ ಏರಿಯ ಮೇಲಿಂದ ಮಂಕರಿಯಲ್ಲಿ ತಂದು ತಂದು ಹಾಕುತ್ತಿದ್ದೆ, ಸಾಲುತ್ತಿರಲಿಲ್ಲ ಎಂದು ಮಾವ ಹೇಳಿದರು. ನನ್ನ ಗಂಡ ಉರುಳಿದ ಕಲ್ಲನ್ನು ಎತ್ತಿ ಕೂರಿಸಿದರು. ಆಮೇಲೆ ಕೆಳಗೆ ಬಿದ್ದಿದ್ದ ಆ ಮಣ್ಣನ್ನು ಬೊಗಸೆ ಬೊಗಸೆಯಾಗಿ ತಾಯಿಯ ಮೇಲೆ ಹಾಕಿ, ಅಂಗೈಯಿಂದ ತಟ್ಟಿ ಸಮ ಮಾಡತೊಡಗಿದರು. ಗುದ್ದಲಿ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಕಣ್ಣು ಒರೆಸಿಕೊಂಡ ಕೈಯ ಮಣ್ಣು ಕೆನ್ನೆಗೆ ಹತ್ತಿತ್ತು.

ಮಧ್ಯಾಹ್ನದ ಮೇಲೆ ಲಾನಿನ ಕೆಲಸ. ಮಣ್ಣನ್ನು ಅಲ್ಲಲ್ಲಿ ಗುಡ್ಡೆ ಹಾಕಿಸಿ, ಟ್ರೈಲರ್ ಕಳಚಿ, ಟ್ರ್ಯಾಕ್ಟರಿಗೆ ಹಗ್ಗ ಬಿಗಿದು, ನಾಟಿಗೆ ಮುಂಚೆ ಗದ್ದೆ ಸಮ ಮಾಡುವ ಉದ್ದ ಹಲಗೆಯನ್ನು ಕಟ್ಟಿದರು. ಹಲಗೆ ಹಗುರವಾಗಿ ಕುಣಿಯುತ್ತಿತ್ತು. ಮಾವ ಪಂಚೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಲಾನಿನ ಮೇಲೆ ನಡೆದು ಬಂದು, ಹಗ್ಗ ಹಿಡಿದು ಹಲಗೆಯ ಮೇಲೆ ನಿಂತುಬಿಟ್ಟರು. ನನ್ನ ಗಂಡ ತಾನೇ ಟ್ರ್ಯಾಕ್ಟರ್ ಓಡಿಸುತ್ತೇನೆಂದು ಹತ್ತಿ, ಹಿಂದೆ ತಿರುಗಿ ತಿರುಗಿ ನೋಡುತ್ತ, ಆಮೆಯಂತೆ ಓಡಿಸಿದರು. ಬೀಳ್ತೀರಿ ಅಪ್ಪ ಎಂದರೆ, ಮುಂದೆ ನೋಡ್ಕಂಡು ಓಡ್ಸು ಕಣ್ಲಾ ಎಂಬ ಉತ್ತರ. ಇಬ್ಬರೂ ಅಷ್ಟು ಹತ್ತಿರದಲ್ಲಿ ಒಂದೇ ಕೆಲಸ ಮಾಡುವುದನ್ನು ನಾನು ನೋಡಿ ಬಹಳ ಕಾಲವಾಗಿತ್ತು.

ಕೆಲಸ ಪೂರ್ತಿ ಸರಿಯಾಯಿತು ಎನ್ನಲಾರೆ. ವೇದಿಕೆ ಕಟ್ಟುವ ಜಾಗದಲ್ಲಿ, ಇನ್ನೊಂದಿಷ್ಟು ಬೀಳಲಿ ಎಂದು ಮಾವ ಗದ್ದೆಗೆ ಹಾಕುವ ಹಾಗೆ ದಪ್ಪ ಹಾಕಿಸಿದ್ದರು. ಅಡಿಯ ಹುಲ್ಲು ಉಸಿರುಗಟ್ಟಿ ಸತ್ತಿತು. ಶ್ರಾವಣದ ಮೊದಲ ಮದುವೆಗೆ ನನ್ನ ಗಂಡ ಅಲ್ಲಿ ಎರಡು ಪದರ ಜಮಖಾನ ಹಾಸಿ ಸಂಭಾಳಿಸಿದರು. ತಿಪ್ಪೆಯಲ್ಲಿದ್ದ ರಾಗಿ, ಹುರುಳಿ ಬೇರೆ ಅಲ್ಲಲ್ಲಿ ಮೊಳೆತವು. ಬೆಳಿಗ್ಗೆ ಬೆಳಿಗ್ಗೆ ನಾನೂ ಮಾವನೂ ಕುಕ್ಕರುಗಾಲಲ್ಲಿ ಕೂತು ಅವನ್ನು ಕಿತ್ತೆವು. ಹುರುಳಿಯನ್ನು ಕೀಳುವಾಗ ಅವರ ಕೈ ಸ್ವಲ್ಪ ತಡೆಯುತ್ತಿತ್ತು.

ಆಗಲೇ ಅವರು ಅತ್ತೆಯ ವಿಷಯ ತೆಗೆದದ್ದು. ನಾಟಿಯ ದಿನಗಳಲ್ಲಿ ಅತ್ತೆ ಮನೆಗೆ ಉಣ್ಣಲು ಬರದೆ, ಈಗ ಲಾನಾಗಿರುವ ಇದೇ ಜಾಗದ ಬದುವಿನ ಮೇಲೆ ಕಾಲು ಚಾಚಿ ಕೂತು ಮುದ್ದೆ ತರಿಸಿಕೊಳ್ಳುತ್ತಿದ್ದರಂತೆ. ನನಗೆ ಗೊತ್ತಿರಲಿಲ್ಲ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವರ ಮಂಡಿ ಸೋತು, ಗದ್ದೆಗೆ ಇಳಿಯುವುದು ನಿಂತಿತ್ತು.

ಈಗ ಸಂಜೆ ಮಾವ ಲಾನಿನ ಮೇಲೆ ಹೋಗಿ ಕೂರುತ್ತಾರೆ. ನಾನು ಕಾಫಿಯನ್ನು ಅಲ್ಲಿಗೇ ಒಯ್ಯುತ್ತೇನೆ. ಒಂದೆರಡು ಗುಟುಕು ಕುಡಿದು ಪಂಚೆಯ ಮೇಲಿಂದ ತೊಡೆ ಕೆರೆದುಕೊಳ್ಳುತ್ತ, "ಕಡೀತದೆ ಕಣವ್ವ ಇದು. ಇದ್ರ ಮ್ಯಾಲೆ ಜನ ಎಂಗೆ ಕೂತ್ಕತಾರೋ," ಅನ್ನುತ್ತಾರೆ. ಕುರ್ಚಿ ತಂದುಕೊಡಲೇ ಎಂದರೆ ಬೇಡ ಎಂದು ಕೈಯಾಡಿಸಿ, ಅಲ್ಲೇ ಕಾಲು ಚಾಚಿಕೊಳ್ಳುತ್ತಾರೆ.