ನನ್ನ ಪರವಾಗಿ ‘ನಾನು’ ಎಂದವರು

ನಾನು ಮಾತಾಡುವಾಗ ಅವರ ತುಟಿ ಅಲುಗುತ್ತಿತ್ತು. ನನ್ನ ಮಾತು ಮುಗಿದ ಅರೆಕ್ಷಣಕ್ಕೆ ಅದೇ ಮಾತು ಸದ್ದಿಲ್ಲದೆ ಅವರ ಬಾಯಲ್ಲಿ ಇನ್ನೊಂದು ಸಲ ಹಾದುಹೋಗುತ್ತಿತ್ತು. ಮೊದಲ ಸಲ ಲಿಫ್ಟಿನಲ್ಲಿ ಕಂಡಾಗ, ಪಾಪ, ವಯಸ್ಸಾಯಿತು, ಹಲ್ಲಿನ ಸೆಟ್ಟು ಸಡಿಲವಾಗಿರಬೇಕು ಅಂದುಕೊಂಡೆ. ಹತ್ತು ವರ್ಷದ ನನ್ನ ಮಗಳು ಮಾತ್ರ ಹಿಂದೆ ಸರಿದು ನನ್ನ ಸೆರಗು ಹಿಡಿದಳು. “ಅಮ್ಮಾ, ಹೀ ಈಸ್ ಸೇಯಿಂಗ್ ವಾಟ್ ಯು ಸೆಡ್” ಎಂದು ಪಿಸುಗುಟ್ಟಿದಳು.

ಸೈಬರ್‌ಜಯಾ ಎಂಬ ಮಲಯ ದೇಶದ ಊರಿನಲ್ಲಿ, ನಾನು ಪಾಠ ಮಾಡುವ ಮೆಡಿಕಲ್ ಕಾಲೇಜು ಕೊಟ್ಟ ಮನೆಯ ಮೇಲಿನ ಮನೆ ಅವರದು. ಕೊಳ್ಳೇಗಾಲದ ಕಡೆಯಿಂದ ರಬ್ಬರ್ ತೋಟಕ್ಕೆ ಬಂದ ತಾಯಿಯಿಂದ ಕನ್ನಡ, ತೋಟದಿಂದ ತಮಿಳು, ಶಾಲೆಯಿಂದ ಮಲಯ. ಇಷ್ಟು ಬಂಡವಾಳದಲ್ಲಿ ಮೂವತ್ತೆರಡು ವರ್ಷ ಕೋರ್ಟಿನಲ್ಲಿ ದುಭಾಷಿಯಾಗಿ ದುಡಿದು ನಿವೃತ್ತರಾಗಿದ್ದರು. ನಾನು ಉಡುಪಿಯವಳು, ಅಜ್ಜ ಎಂದು ಕರೆದೆ. ಅವರಿಗೆ ನಾನು ಅವ್ವ. ಮಾತಿಗೆ ಮುಂಚೆ ಒಂದು ಗುಟುಕು ಬಿಸಿ ಜೀರಿಗೆ ನೀರು ಕುಡಿಯುವುದು, ಕೊನೆಗೆ ಒಮ್ಮೊಮ್ಮೆ ಇಲ್ಲಿಯವರಂತೆ ‘ಲಾ’ ಸೇರಿಸುವುದು ಅವರ ಅಭ್ಯಾಸ.

ಅವರದು ಒಂಟಿ ಜೀವ. ಆದರೂ ಶನಿವಾರ ಮಧ್ಯಾಹ್ನ, ಮಳೆಗೆ ಮುಂಚಿನ ಆ ಬೇಯುವ ಹೊತ್ತಿನಲ್ಲಿ, ಮೇಲಿನಿಂದ ಬೇರೆ ಬೇರೆ ದನಿ ಕೇಳುತ್ತಿತ್ತು. ಒಂದು ವಾರ ಹೆಂಗಸೊಬ್ಬಳು ತಮಿಳಿನಲ್ಲಿ ಬಿಕ್ಕುವಳು. ಇನ್ನೊಂದು ವಾರ ಗಂಡಸೊಬ್ಬ ಒಂದೇ ವಾಕ್ಯವನ್ನು ಹತ್ತಾರು ಸಲ ಹೇಳುವನು. ನೆಂಟರು ಬಂದಿದ್ದರಾ ಎಂದು ಕೆಳಗಿನ ಕಾವಲುಗಾರನನ್ನು ಕೇಳಿದರೆ, ಆ ಮನೆಗೆ ಯಾರೂ ಬರುವುದಿಲ್ಲ ಎಂದ. ನನಗೆ ಹೆದರಿಕೆಗಿಂತ ಕುತೂಹಲ ಹೆಚ್ಚು. ಮೇಲೆ ಹೋಗಿ, ಅವರು ಕೊಟ್ಟ ಚಹಾ ಕುಡಿಯುತ್ತ ನೇರವಾಗಿ ಅವರನ್ನೇ ಕೇಳಿದೆ.

“ದುಭಾಸಿ ‘ಅವನು ಹೇಳ್ತಾನೆ’ ಅನ್ಬಾರ್ದು ಕನವ್ವ. ‘ನಾನು’ ಅನ್ಬೇಕು. ಅದು ನೇಮ. ಒಬ್ಬ ‘ನಾನು ಕೊಂದಿಲ್ಲ’ ಅಂದ. ನಾನೂ ‘ನಾನು ಕೊಂದಿಲ್ಲ’ ಅಂದೆ. ಅವನ್ನ ನೇಣಿಗಾಕುದ್ರು. ಆ ಮಾತು ಮಾತ್ರ ನನ್ನ ಬಾಯಲ್ಲೇ ಉಳ್ಕತು. ವಾರಕ್ಕೊಂದು ಸಲ ಆಚೆ ಬುಡ್ತೀನಿ. ಇಲ್ದಿದ್ರೆ ಉಸ್ರು ಕಟ್ತದೆ ಲಾ.”

ಚಹಾದ ಸಕ್ಕರೆ ಹೆಚ್ಚಾಯಿತು ಎನ್ನುವಷ್ಟೇ ಸಲೀಸಾಗಿ ಇದನ್ನು ಹೇಳಿದರು. ನಾನು ಬೇಗ ಬೇಗ ಚಹಾ ಮುಗಿಸಿ ಕೆಳಗಿಳಿದೆ.

ಮತ್ತೆ ಆ ಮೆಟ್ಟಿಲು ಹತ್ತಿದ್ದು ನನ್ನ ಮನೆಗೇ ಸಂಚಕಾರ ಬಂದಾಗ. ಕೆಲಸಕ್ಕೆ ಸೇರುವಾಗ ಕರಾರಿನಲ್ಲೇ ಮನೆ ಕೊಟ್ಟಿದ್ದರು. ಇನ್ನೂ ಎರಡು ವರ್ಷವಿರುವಾಗ, ಆ ಸೌಲಭ್ಯ ಬಿಟ್ಟುಕೊಡುವ ಪತ್ರಕ್ಕೆ ನೀವೇ ಸಹಿ ಹಾಕಿದ್ದೀರಿ, ಖಾಲಿ ಮಾಡಿ ಎಂದರು. ನನ್ನ ಸಂಬಳದಲ್ಲಿ ಬೇರೆ ಮನೆ ಹಿಡಿಯುವುದು ಆಗದ ಮಾತು. ಮನೆ ಹೋದರೆ ಕೆಲಸ ಬಿಟ್ಟು, ಮಗಳ ಶಾಲೆ ಬಿಡಿಸಿ ಊರಿಗೆ ಹೊರಡಬೇಕಿತ್ತು. ದೂರು ಕೊಟ್ಟೆ. ಲೇಬರ್ ಕೋರ್ಟಿನಿಂದ ವಿಚಾರಣೆಯ ದಿನ ಬಂತು. ಜನ್ಮದಲ್ಲಿ ಕೋರ್ಟಿನ ಮೆಟ್ಟಿಲು ಕಂಡವಳಲ್ಲ ನಾನು.

ಅಲ್ಲಿ ಮಾತಾಡುವುದನ್ನು ಅಭ್ಯಾಸ ಮಾಡಿಸಲು ಅಜ್ಜ ತಮ್ಮ ಊಟದ ಮೇಜಿನ ಸುತ್ತ ಮೂರು ಕುರ್ಚಿ ಇಟ್ಟರು. ಎದುರಿನದು ವಿಚಾರಣೆ ನಡೆಸುವ ಅಧಿಕಾರಿಯದು, ಖಾಲಿ. ಇತ್ತ ನನ್ನದು, ನನ್ನ ಪಕ್ಕಕ್ಕೆ ಅಂಟಿಕೊಂಡಂತೆ ಅವರದು. “ನನ್ನ ನೋಡ್ಬೇಡ, ಕುರ್ಚಿ ನೋಡ್ಕಂಡು ಹೇಳು. ಒಂದು ಮಾತು ಹೇಳು, ನಿಲ್ಸು. ನಾನು ತಕ್ಕತೀನಿ” ಎಂದರು. ಇಂಗ್ಲಿಷಿನಲ್ಲಿ ಶುರು ಮಾಡಿದೆ. ತಡೆದರು. “ಮೊದ್ಲು ಕನ್ನಡದಲ್ಲಿ ಹೇಳವ್ವ. ಕಲ್ತ ಬಾಸೇಲಿ ಸುಳ್ಳು ಸಲೀಸು.”

ಆ ಮಾತು ನನಗೆ ನಾಟಿತು, ಏಕೆಂದರೆ ನಾನು ಸುಳ್ಳು ಹೇಳಲೆಂದೇ ತಯಾರಾಗಿ ಬಂದಿದ್ದೆ.

ಖಾಲಿ ಕುರ್ಚಿ ನೋಡುತ್ತ ಹೇಳಿದೆ: “ಆ ಪತ್ರ ಮಲಯದಲ್ಲಿತ್ತು. ನಾನು ಓದ್ಲೇ ಇಲ್ಲ.”

ನಿಲ್ಲಿಸಿದೆ. ಅಜ್ಜ ಅದನ್ನು ಮಲಯಕ್ಕೆ ತಿರುಗಿಸಬೇಕಿತ್ತು. ಅರೆಕ್ಷಣ ಕಳೆಯಿತು. ಆಮೇಲೆ ಪಕ್ಕದಿಂದ ಹೆಂಗಸಿನ ದನಿಯೊಂದು ಕನ್ನಡದಲ್ಲೇ ಹೇಳಿತು: “ಓದಿದ್ದೆ. ಮನೆ ವಿಷಯ ಉಂಟು ಅಂತ ಗೊತ್ತಿತ್ತು. ಅವ್ರಿಗೆ ಬೇಜಾರಾಗ್ತದೆ ಅಂತ ಸಹಿ ಹಾಕಿದೆ.”

ಅಜ್ಜನ ಬಾಯಲ್ಲಿ ಒಂದು ದಿನವೂ ‘ಉಂಟು’ ಕೇಳಿದವಳಲ್ಲ ನಾನು. ಅದು ನನ್ನ ಮಾತು, ನನ್ನ ರಾಗ, ಕೊನೆಗೆ ಮೂಗೆಳೆದುಕೊಂಡದ್ದೂ ನನ್ನದೇ. ಈ ವಿಷಯ ಯಾರಿಗೂ ಹೇಳಿರಲಿಲ್ಲ. ವಿಭಾಗದ ಮುಖ್ಯಸ್ಥೆ ಚಹಾದ ಹೊತ್ತಿಗೆ ಆ ಪತ್ರವನ್ನೂ ಅದರ ಇಂಗ್ಲಿಷ್ ಪ್ರತಿಯನ್ನೂ ತಂದು, ಇದು ಬರೀ ಶಾಸ್ತ್ರಕ್ಕೆ, ನಿಮ್ಮ ಮನೆಗೇನೂ ಆಗುವುದಿಲ್ಲ, ಎಲ್ಲರೂ ಹಾಕಿದ್ದಾರೆ ಎಂದಿದ್ದರು. ಓದಿದ ಮೇಲೂ ಒಲ್ಲೆ ಎನ್ನಲು ನಾಲಿಗೆ ಏಳಲಿಲ್ಲ. ಆಮೇಲೆ ಅವರು ಕೆಲಸ ಬಿಟ್ಟು ಹೋದರು, ನಾನು ಸಿಕ್ಕಿಬಿದ್ದೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂದು ನಮ್ಮಮ್ಮ ಬಡಿದುಕೊಳ್ಳುತ್ತಿದ್ದುದು ನನ್ನಂಥವರಿಗೇ.

“ಇದು ನಿಮಗೆ ಹೇಗೆ ಗೊತ್ತಾಯ್ತು ಅಜ್ಜ?”

“ನೀನೇ ಯೋಳುದ್ಯಲ್ಲವ್ವ” ಎಂದರು. ನಾನು ಹೇಳಿರಲಿಲ್ಲ ಎಂದೆ. ಅವರು ಖಾಲಿ ಕುರ್ಚಿಯನ್ನೇ ನೋಡುತ್ತ ಜೀರಿಗೆ ನೀರು ಕುಡಿದರು. “ಹಂಗಾರೆ ಈಗ ಯೋಳು.”

ಹೇಳಿದೆ, ಅಳುತ್ತ. ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: ಮನೆಗೇನೂ ಆಗಲ್ಲ ಅಂತ ಆಯಮ್ಮ ಎಲ್ಲಾದರೂ ಬರೆದಿದ್ದಾರಾ? ಓದಿಯೇ ಇಲ್ಲ ಎಂದು ಹಟ ಹಿಡಿದವಳು ನಾನು. ಅದನ್ನು ಹುಡುಕುವ ಯೋಚನೆಯೇ ಬಂದಿರಲಿಲ್ಲ. ಹಳೆಯ ಫೋನನ್ನು ಚಾರ್ಜಿಗೆ ಹಾಕಿ ಜಾಲಾಡಿದೆ. ಸಹಿ ಹಾಕಿದ ದಿನ ಸಂಜೆಯೇ ಅವರು ಕಳಿಸಿದ ಮೆಸೇಜು ಅಲ್ಲಿತ್ತು: ಮನೆಯ ಬಗ್ಗೆ ಚಿಂತೆ ಬೇಡ, ಕರಾರು ಮುಗಿಯುವವರೆಗೆ ಅದು ನಿಮ್ಮದೇ.

ವಿಚಾರಣೆಯ ಹಿಂದಿನ ದಿನ ತರಗತಿಗಳಿದ್ದವು, ಅಭ್ಯಾಸಕ್ಕೆ ಬರುವುದಿಲ್ಲ ಎಂದು ಅಜ್ಜನಿಗೆ ಮೊದಲೇ ಹೇಳಿದ್ದೆ. ಆ ಬೆಳಗ್ಗೆ ಅಜ್ಜ ಬಾಗಿಲು ತೆರೆಯಲಿಲ್ಲವೆಂದು ಕಾವಲುಗಾರ ಬೀಗ ಒಡೆಸಿದ. ತಮ್ಮ ಕುರ್ಚಿಯಲ್ಲಿ ಕೂತಲ್ಲೇ ತೀರಿಹೋಗಿದ್ದರು. ಪಕ್ಕದ ನನ್ನ ಕುರ್ಚಿ ಅವರ ಕಡೆಗೆ ಎಳೆದಿಟ್ಟಂತಿತ್ತು. ಮೇಜಿನ ಮೇಲೆ ಎರಡು ಲೋಟ ಜೀರಿಗೆ ನೀರು. ನನ್ನ ಮುಂದೆ ಇಡುತ್ತಿದ್ದ ಲೋಟ ಅರ್ಧ ಖಾಲಿಯಾಗಿತ್ತು.

ಮಾರನೆಯ ದಿನ ಪೆಟಾಲಿಂಗ್ ಜಯಾದ ಲೇಬರ್ ಕೋರ್ಟಿನ ಕೋಣೆಯಲ್ಲಿ ಅಧಿಕಾರಿಯ ಎದುರು ನಿಂತೆ. ಪಕ್ಕದಲ್ಲಿ ನನ್ನ ಇಂಗ್ಲಿಷನ್ನು ಮಲಯಕ್ಕೆ ತಿರುಗಿಸಲು ಎಳೆಯ ವಯಸ್ಸಿನ ದುಭಾಷಿ ಹೆಣ್ಣುಮಗಳು. ಕಾಲೇಜಿನವರು ಮೊದಲು ತೆಗೆದದ್ದೇ ನನ್ನದೊಂದು ಹಳೆಯ ಇ-ಮೇಲು: “ಪತ್ರ ಓದಿದ್ದೇನೆ, ವಂದನೆಗಳು.” ಬರೆದದ್ದು ನನಗೇ ಮರೆತುಹೋಗಿತ್ತು. ಅಧಿಕಾರಿ ತಲೆಯೆತ್ತಿ, ಪತ್ರ ಓದಿದ್ದಿರಾ ಎಂದು ಕೇಳಿದರು. ಹಳೆಯ ಸುಳ್ಳು ಹೇಳಿದ್ದರೆ ನನ್ನ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅಧಿಕಾರಿಯ ಕುರ್ಚಿ ನೋಡುತ್ತ ಹೇಳಿದೆ, ಓದಿದ್ದೆ. ನಿಲ್ಲಿಸಿದೆ. ದುಭಾಷಿ ಬಾಯಿ ತೆರೆಯುವ ಮೊದಲು ಅರೆಕ್ಷಣ ಬಿಸಿ ಜೀರಿಗೆಯ ವಾಸನೆ ಬಂತು. ಮೆಸೇಜನ್ನು ಮುಂದಿಟ್ಟೆ.

ಮನೆ ಉಳಿಯಿತು. ಮೇಲಿನ ಮನೆಗೆ ಇನ್ನೂ ಯಾರೂ ಬಂದಿಲ್ಲ. ಹೊಸ ಬೀಗದ ಮೇಲೆ ಧೂಳು ಕೂತಿದೆ. ಆದರೆ ಶನಿವಾರ ಮಧ್ಯಾಹ್ನ ಮಗಳು ಟಿವಿ ಆರಿಸಿ ಸೂರು ನೋಡುತ್ತಾಳೆ. “ಅಮ್ಮಾ, ದಟ್ಸ್ ಯು” ಎನ್ನುತ್ತಾಳೆ. ಮೇಲಿನಿಂದ ಉಡುಪಿಯ ಹೆಂಗಸೊಬ್ಬಳ ದನಿ: ಓದಿದ್ದೆ, ಮನೆ ವಿಷಯ ಉಂಟು ಅಂತ ಗೊತ್ತಿತ್ತು. ಒಂದು ಮಾತು ಹೇಳುತ್ತದೆ, ನಿಲ್ಲಿಸುತ್ತದೆ. ನನಗಾಗಿ ‘ನಾನು’ ಎಂದವರ ಋಣ ಬೇರೆ ಹೇಗೆ ತೀರಿಸಲಿ? ಕೆಳಗೆ ಕೂತು, ಆ ಅರೆಕ್ಷಣ ಕಾದು, ಅದೇ ಮಾತಿಗೆ ಸದ್ದಿಲ್ಲದೆ ತುಟಿ ಅಲುಗಿಸುತ್ತೇನೆ.